ಲಾರಿ ಚಾಲಕರ ಬೆನ್ನುನೋವು ಮತ್ತು ನಿದ್ದೆಗೇಡು

ಹನಗೋಡು ಕಡೆಯ ಹಿರಿಯ ಲಾರಿ ಚಾಲಕರೊಬ್ಬರು ಮಗನ ಜೊತೆ ತಪಾಸಣೆಗೆ ಬಂದಿದ್ದರು. ವಯಸ್ಸು 62. ಅವರು ಹೇಳಿಕೊಂಡ ತೊಂದರೆ ವಿಚಿತ್ರವಾಗಿತ್ತು. "ಡಾಕ್ಟ್ರೇ, ನಡೀತಾ ನಡೀತಾ ಎಡಗಾಲಿನ ಚಪ್ಪಲಿ ಕಳಚಿ ಬಿದ್ದೋಯ್ತದೆ. ಬಿದ್ದದ್ದೂ ಗೊತ್ತಾಗಕಿಲ್ಲ. ಚಪ್ಪಲಿ ಸವೆದದೆ ಅಂತ ಹೊಸದು ತಕ್ಕೊಂಡೆ. ಅದೂ ಹಂಗೇ ಆಯ್ತದೆ" ಎಂದರು.

ತೊಂದರೆ ಚಪ್ಪಲಿಯಲ್ಲಿ ಇರಲಿಲ್ಲ. ಅವರಿಗೆ ಎಡಗಾಲಿನ ಹೆಬ್ಬೆರಳನ್ನು ಮೇಲಕ್ಕೆ ಎತ್ತಲು ಆಗುತ್ತಿರಲಿಲ್ಲ. ಪಾದ ಅರ್ಧ ಸೋತಿತ್ತು. ಮೂಲ ಇದ್ದದ್ದು ಸೊಂಟದಲ್ಲಿ. ಸೊಂಟನೋವು ಎಷ್ಟು ದಿನದಿಂದ ಇದೆ ಎಂದು ಕೇಳಿದರೆ ನಕ್ಕರು. "ಅದು ಲಾರಿ ಹತ್ತಿದಾಗಿನಿಂದಲೂ ಇದ್ದದ್ದೇ. ಲೈನ್ ಗಾಡೀಲಿ ನಿದ್ದೆ ಹೋಯ್ತು, ಲೋಕಲ್ ಗಾಡೀಲಿ ಸೊಂಟ ಹೋಯ್ತು" ಎಂದರು.

ಲಾರಿ ಕೆಲಸದ ಎರಡು ದೊಡ್ಡ ಕಷ್ಟಗಳನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಲಾರಿಯನ್ನು ನಂಬಿ ಬದುಕುವ ಕುಟುಂಬಗಳು ಬಹಳ. ನಿಮ್ಮ ಮನೆಯಲ್ಲಿ ಅಥವಾ ಬೀದಿಯಲ್ಲಿ ಒಬ್ಬ ಚಾಲಕರು ಇದ್ದೇ ಇರುತ್ತಾರೆ. ಆದ್ದರಿಂದ ಈ ವಾರ ಅವರ ಆರೋಗ್ಯದ ಬಗ್ಗೆ ತಿಳಿದುಕೊಳ್ಳೋಣ.

ಲೈನ್ ಮತ್ತು ಲೋಕಲ್

ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಪದ್ಧತಿ ಬಂದದ್ದು 1984ರಲ್ಲಿ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಹರಾಜು ಕಟ್ಟೆಗಳಿಂದ ಹೊಗೆಸೊಪ್ಪಿನ ಬೇಲುಗಳನ್ನು ಹೇರಿಕೊಂಡು ಲಾರಿಗಳು ಆಂಧ್ರದ ಗುಂಟೂರು ಕಡೆಗೆ ಹೊರಡುತ್ತಿದ್ದವು. ಹಗಲು ಲೋಡು, ರಾತ್ರಿ ಓಟ. ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಗಾಡಿಯ ಕ್ಯಾಬಿನ್ನಿನಲ್ಲಿ ಎಂಜಿನ್ನಿನ ಕಾವು ಕಾಲಿಗೆ ಬಡಿಯುತ್ತಿತ್ತು. ನಿದ್ದೆ ಬಂದರೆ ಕಣ್ಣಿಗೆ ತಣ್ಣೀರು, ಬಾಯಿಗೆ ಬೀಡಿ, ರಸ್ತೆ ಬದಿಯಲ್ಲಿ ಒಂದು ಚಹಾ. ಚಾಲಕರ ಮಾತಿನಲ್ಲಿ ಇದು 'ಲೈನಿಗೆ ಹೋಗುವುದು'.

ಲೋಕಲ್ ಕೆಲಸದ ಕಷ್ಟವೇ ಬೇರೆ. ಬ್ಯಾರನ್‌ಗಳಿಗೆ ಸೌದೆ, ಹೊಲಕ್ಕೆ ಗೊಬ್ಬರ, ಮನೆ ಕಟ್ಟುವವರಿಗೆ ಸಿಮೆಂಟು ಮತ್ತು ಇಟ್ಟಿಗೆ, ಕೆ.ಆರ್. ನಗರದ ಗಿರಣಿಗಳಿಗೆ ಭತ್ತ. ಮಳೆಗಾಲದಲ್ಲಿ ಗಾಡಿ ಮನೆಯ ತನಕ ಹೋಗುವುದಿಲ್ಲ. ಕೆಸರಿನಲ್ಲಿ ನಿಲ್ಲಿಸಿ, ಮೂಟೆಯನ್ನು ಬೆನ್ನ ಮೇಲೆ ಹೊತ್ತು, ಎರಡು ಫರ್ಲಾಂಗು ನಡೆಯಬೇಕು. ಹಮಾಲರು ಸಿಗದ ದಿನ ಚಾಲಕ ಮತ್ತು ಕ್ಲೀನರ್ ಇಬ್ಬರೇ ಹಮಾಲರು. "ನೂರು ಕೆಜಿ ಮೂಟೆ ಎತ್ತೋನೇ ಗಂಡಸು ಅನ್ನೋ ಕಾಲ ಅದು" ಎಂದು ಆ ಹಿರಿಯರು ನೆನಪಿಸಿಕೊಂಡರು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಈ ಬಗ್ಗೆ ಶಿಫಾರಸು ಮಾಡಿತ್ತು. ವಯಸ್ಕ ಗಂಡಸು ಕೈಯಲ್ಲಿ ಅಥವಾ ಬೆನ್ನಿನ ಮೇಲೆ ಹೊರುವ ಭಾರ 55 ಕೆಜಿಯನ್ನು ಮೀರಬಾರದು ಎಂಬುದು ಅದರ ಸಲಹೆ. ನಮ್ಮಲ್ಲಿ ಈಗ ಸಿಮೆಂಟಿನ ಚೀಲ 50 ಕೆಜಿ. ಯೂರಿಯಾ ಚೀಲ 2018ರಿಂದ 45 ಕೆಜಿಗೆ ಇಳಿದಿದೆ. ನಿಮ್ಮ ಮನೆಗೆ ಬರುವ ಅಡುಗೆ ಅನಿಲದ ಸಿಲಿಂಡರಿನಲ್ಲಿ 14.2 ಕೆಜಿ ಅನಿಲ ಇರುತ್ತದೆ. ಕಬ್ಬಿಣದ ತೂಕ ಸೇರಿದರೆ ಸುಮಾರು 30 ಕೆಜಿ. ಒಂದು ಸಿಲಿಂಡರು ದೊಡ್ಡ ಭಾರವಲ್ಲ. ಆದರೆ ದಿನಕ್ಕೆ ನಲವತ್ತು ಮನೆಯ ಮೆಟ್ಟಿಲು ಹತ್ತುವವನಿಗೆ ಅದು ಸಣ್ಣ ಭಾರವೂ ಅಲ್ಲ.

ಬೆನ್ನಿಗೆ ಆಗುವುದೇನು?

ನಮ್ಮ ಬೆನ್ನುಮೂಳೆ ಒಂದರ ಮೇಲೊಂದು ಜೋಡಿಸಿದ ಚಿಕ್ಕ ಮೂಳೆಗಳ ಸಾಲು. ಎರಡು ಮೂಳೆಗಳ ನಡುವೆ ಮೆತ್ತೆಯಂತೆ ಒಂದು ಬಿಲ್ಲೆ ಇರುತ್ತದೆ. ಇದನ್ನೇ ಡಿಸ್ಕ್ ಎನ್ನುತ್ತಾರೆ. ಅದರ ಹೊರಭಾಗ ಈರುಳ್ಳಿಯಂತೆ ಪದರ ಪದರವಾಗಿ ಗಟ್ಟಿಯಾಗಿರುತ್ತದೆ. ಒಳಭಾಗ ಎಳನೀರಿನ ಗಂಜಿಯಂತೆ ಮೃದುವಾಗಿರುತ್ತದೆ. ವಯಸ್ಕರ ಡಿಸ್ಕಿಗೆ ನೇರವಾಗಿ ರಕ್ತ ಪೂರೈಕೆ ಇಲ್ಲ ಎನ್ನಬಹುದು. ನಾವು ನಡೆದಾಡಿ ಬಾಗಿ ಏಳುವಾಗ ಸ್ಪಂಜಿನಂತೆ ಒತ್ತಿ ಬಿಡುವುದರಿಂದಲೇ ಅದಕ್ಕೆ ಸತ್ತ್ವ ಸಿಗುತ್ತದೆ. ಗಂಟೆಗಟ್ಟಲೆ ಅಲುಗಾಡದೆ ಕುಳಿತರೆ ಈ ಪೋಷಣೆ ತಗ್ಗುತ್ತದೆ.

ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಡಿಸ್ಕಿನೊಳಗೆ ಸೂಜಿ ಇಟ್ಟು ಒತ್ತಡವನ್ನು ಅಳೆದರು. ನಿಂತಾಗ ಇರುವುದಕ್ಕಿಂತ, ಒರಗು ಇಲ್ಲದೆ ಮುಂದಕ್ಕೆ ಬಾಗಿ ಕುಳಿತಾಗ ಒತ್ತಡ ಹೆಚ್ಚು ಎಂದು ಕಂಡುಬಂತು. ಬಾಗಿ ಭಾರ ಎತ್ತುವಾಗ ಅದು ಇನ್ನೂ ಬಹಳ ಏರುತ್ತದೆ. ಕುಳಿತರೆ ಬೆನ್ನಿಗೆ ವಿಶ್ರಾಂತಿ ಎಂದು ನಾವು ತಿಳಿಯುತ್ತೇವೆ. ಲಾರಿಯ ಸೀಟಿನಲ್ಲಿ ಅದು ನಿಜವಲ್ಲ.

ಇದರ ಜೊತೆಗೆ ಅದುರುವಿಕೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ತಳ್ಳಿಗೂ ಅದು ಎತ್ತರಕ್ಕೆ ಹೋಗುತ್ತದೆ. ಕುಳಿತ ಮನುಷ್ಯನ ಬೆನ್ನುಮೂಳೆಗೂ ಅಂಥದೊಂದು ಲಯವಿದೆ. ಅದು ಸೆಕೆಂಡಿಗೆ ಸುಮಾರು 4ರಿಂದ 6 ಬಾರಿ. ಹಳ್ಳಕೊಳ್ಳದ ರಸ್ತೆಯಲ್ಲಿ ಲಾರಿ ಸೀಟಿನ ಅದುರುವಿಕೆ ಹೆಚ್ಚುಕಡಿಮೆ ಇದೇ ಲಯಕ್ಕೆ ಹತ್ತಿರ. ಹೀಗಾಗಿ ರಸ್ತೆಯ ಕುಲುಕಾಟ ಬೆನ್ನಿನಲ್ಲಿ ಇನ್ನೂ ದೊಡ್ಡದಾಗುತ್ತದೆ. ವರ್ಷಗಟ್ಟಲೆ ಹೀಗಾದಾಗ ಹೊರಪದರಗಳು ಸೀಳಿ, ಒಳಗಿನ ತಿರುಳು ಹೊರಕ್ಕೆ ಉಬ್ಬಿ ಪಕ್ಕದ ನರವನ್ನು ಒತ್ತಬಹುದು. ಆಗ ನೋವು ಸೊಂಟದಿಂದ ಪಿರ್ರೆ, ತೊಡೆಯ ಹಿಂಭಾಗ, ಮೀನಖಂಡಗಳ ಮೂಲಕ ಪಾದದವರೆಗೆ ಎಳೆಯುತ್ತದೆ. ಇದೇ ಸಯಾಟಿಕಾ. ನಮ್ಮ ಚಾಲಕರ ವಿಷಯದಲ್ಲಿ ಒತ್ತಡಕ್ಕೆ ಸಿಕ್ಕಿದ್ದು ಪಾದವನ್ನು ಮೇಲೆತ್ತುವ ನರ. ನೋವು ಇದ್ದಷ್ಟು ಕಾಲ ಮಾತ್ರೆ ನುಂಗಿದರು. ನೋವು ತಾನಾಗಿ ಕಡಿಮೆಯಾಗಿ ಪಾದ ಸೋತಾಗ, ವಾಸಿಯಾಯಿತೆಂದು ಸುಮ್ಮನಾದರು.

ಇಳಿದ ಕೂಡಲೇ ಮೂಟೆ ಎತ್ತಬೇಡಿ

ಬಹಳ ಹೊತ್ತು ಕುಳಿತ ನಂತರ ಬೆನ್ನಿನ ಕಟ್ಟುನಾರುಗಳು ಹಿಗ್ಗಿ ಸಡಿಲವಾಗಿರುತ್ತವೆ. ಸ್ನಾಯುಗಳೂ ತಕ್ಷಣ ಎಚ್ಚೆತ್ತು ಬಿಗಿಯುವುದಿಲ್ಲ. ಇದೇ ಹೊತ್ತಿನಲ್ಲಿ ಚಾಲಕ ಕ್ಯಾಬಿನ್ನಿನಿಂದ ಜಿಗಿದು, ಹಲಗೆ ತೆಗೆದು, ಮೊದಲ ಮೂಟೆಗೆ ಕೈಹಾಕುತ್ತಾನೆ. ಬೆನ್ನು ಉಳುಕಲು ಇದಕ್ಕಿಂತ ಅನುಕೂಲ ಸಮಯ ಬೇರೆ ಇಲ್ಲ. ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ತಾನೇ ಮಾಲು ಇಳಿಸುವವರಿಗೆ ಅಪಾಯ ಇಮ್ಮಡಿ.

ಚಾಲಕರು ಈ ಕೆಳಗಿನ ಕ್ರಮಗಳನ್ನು ರೂಢಿಸಿಕೊಳ್ಳುವುದು ಒಳ್ಳೆಯದು.

ಗಾಡಿಯಿಂದ ಜಿಗಿಯಬೇಡಿ. ಮೆಟ್ಟಿಲು ಹಿಡಿದು, ಮುಖ ಗಾಡಿಯ ಕಡೆಗೆ ಇರುವಂತೆ ಇಳಿಯಿರಿ. ಇಳಿದ ಮೇಲೆ ಐದು ಹತ್ತು ನಿಮಿಷ ನಡೆಯಿರಿ. ಟೈರು ನೋಡುವುದು, ಹಗ್ಗ ಬಿಚ್ಚುವುದು, ಬಿಲ್ಲಿಗೆ ಸಹಿ ಹಾಕಿಸುವುದು ಈ ಕೆಲಸಗಳನ್ನು ಮೊದಲು ಮುಗಿಸಿ, ಆಮೇಲೆ ಭಾರಕ್ಕೆ ಕೈಹಾಕಿ.

ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ. ತಕ್ಕಡಿಯ ದಂಡ ಉದ್ದವಾದಷ್ಟೂ ಸಣ್ಣ ತೂಕವೂ ದೊಡ್ಡದಾಗುವಂತೆ, ಕೈ ಚಾಚಿ ಎತ್ತಿದ ಭಾರ ಸೊಂಟದ ಮೇಲೆ ಹಲವು ಪಟ್ಟು ಬೀಳುತ್ತದೆ. ಭಾರ ಹಿಡಿದು ಸೊಂಟವನ್ನು ತಿರುಚಬೇಡಿ. ತಿರುಗಬೇಕಾದರೆ ಪಾದಗಳನ್ನೇ ತಿರುಗಿಸಿ. ಮೂಟೆಯನ್ನು ನೆಲದಿಂದ ಎತ್ತುವುದಕ್ಕಿಂತ ಲಾರಿಯ ಅಂಚಿನಿಂದ ಬೆನ್ನಿಗೆ ಜಾರಿಸಿಕೊಳ್ಳುವುದು ಮೇಲು. ಭಾರ ಹೆಚ್ಚಿದ್ದರೆ ಇಬ್ಬರು ಸೇರಿ ಎತ್ತಿ. ಕೈಗಾಡಿ ಇದ್ದರೆ ಬಳಸಿ.

ಓಡಿಸುವಾಗ ಸೀಟನ್ನು ಮುಂದಕ್ಕೆ ಎಳೆದುಕೊಳ್ಳಿ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಸಿರಬೇಕು. ಸೊಂಟದ ಹಿಂದೆ ಸುತ್ತಿದ ಟವೆಲ್ ಇಡಿ. ಹಿಂಬದಿಯ ಜೇಬಿನಲ್ಲಿ ಪರ್ಸ್ ಇಟ್ಟು ಅದರ ಮೇಲೆ ಕೂರುವ ಅಭ್ಯಾಸ ಬಿಡಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಇಳಿದು ನಡೆಯಿರಿ.

ನಿದ್ದೆ ಎಂಬ ಸಾಲ

ನಿದ್ದೆಯನ್ನು ತಪ್ಪಿಸಬಹುದು, ಆದರೆ ವಂಚಿಸಲಾಗದು. ಸತತ 17 ಗಂಟೆ ಎಚ್ಚರವಾಗಿದ್ದವನ ಕೈ ಮತ್ತು ಮಿದುಳು, ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ ಮದ್ಯಸಾರ ಇರುವವನಷ್ಟೇ ಮಂದವಾಗುತ್ತವೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದರು. ನಮ್ಮ ಕಾನೂನು ಚಾಲಕನಿಗೆ ಹಾಕಿರುವ ಮಿತಿ 30 ಮಿ.ಗ್ರಾಂ. ಅಂದರೆ ಬೆಳಿಗ್ಗೆ 6ಕ್ಕೆ ಎದ್ದು ರಾತ್ರಿ 11ರ ನಂತರವೂ ಓಡಿಸುತ್ತಿರುವ ಚಾಲಕ ಒಂದು ತೊಟ್ಟೂ ಕುಡಿಯದೆಯೇ ಕುಡಿದವನ ಸ್ಥಿತಿಯಲ್ಲಿ ಇರುತ್ತಾನೆ. ಅವನನ್ನು ಹಿಡಿಯುವ ಊದುವ ಯಂತ್ರ ಮಾತ್ರ ಇಲ್ಲ.

ನಮ್ಮ ದೇಹದ ಒಳಗಡಿಯಾರ ಬೆಳಗಿನ ಜಾವ 2ರಿಂದ 6ರವರೆಗೆ ಮತ್ತು ಮಧ್ಯಾಹ್ನ 2ರಿಂದ 4ರವರೆಗೆ ನಿದ್ದೆಯ ಕಡೆಗೆ ಎಳೆಯುತ್ತದೆ. ಈ ವೇಳೆಯಲ್ಲಿ ಕಣ್ಣು ತೆರೆದಂತಿದ್ದೂ ಮಿದುಳು ಎರಡು ಮೂರು ಸೆಕೆಂಡು ನಿದ್ದೆಗೆ ಜಾರಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ 3 ಸೆಕೆಂಡಿಗೆ ಲಾರಿ 50 ಮೀಟರು ದಾಟಿರುತ್ತದೆ. 'ಈಗ ದಾಟಿದ ಊರು ಯಾವುದು' ಎಂದು ನೆನಪಾಗದಿದ್ದರೆ, ಗೇರು ತಪ್ಪುತ್ತಿದ್ದರೆ, ಗಾಡಿ ರಸ್ತೆಯ ಅಂಚಿಗೆ ಸರಿಯುತ್ತಿದ್ದರೆ ನೀವು ಆಗಲೇ ನಿದ್ರಿಸುತ್ತಿದ್ದೀರಿ ಎಂದು ತಿಳಿಯಬೇಕು.

ತಣ್ಣೀರು, ಹಾಡು, ಬೀಡಿ ಇವು ಕೆಲವು ನಿಮಿಷದ ಉಪಾಯಗಳು. ನಿಜವಾದ ಉಪಾಯ ಒಂದೇ. ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ ಒಂದು ಲೋಟ ಕಾಫಿ ಕುಡಿದು 15-20 ನಿಮಿಷ ಮಲಗಿ. ಕಾಫಿಯ ಪ್ರಭಾವ ಏರಲು ಸುಮಾರು ಅರ್ಧ ಗಂಟೆ ಬೇಕು. ಆದ್ದರಿಂದ ಎದ್ದಾಗ ಎರಡರ ಲಾಭವೂ ಸಿಗುತ್ತದೆ. ಎದ್ದ ಕೂಡಲೇ ಹೊರಡದೆ ಸ್ವಲ್ಪ ಓಡಾಡಿ ಹೊರಡಿ. ಇದು ಹತ್ತಿರದ ಊರು ಸೇರಿಕೊಳ್ಳಲು ಮಾತ್ರ. ರಾತ್ರಿಯ ಏಳು ಗಂಟೆ ನಿದ್ದೆಗೆ ಇದು ಬದಲಿಯಲ್ಲ.

ನಮ್ಮ ಭಾಗದಲ್ಲಿ ಕಾಡಿನ ರಸ್ತೆಗಳಿಗೆ ರಾತ್ರಿ ನಿರ್ಬಂಧ ಬಂದಿದೆ. ನಾಗರಹೊಳೆಯ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆಗೆ 2008ರಲ್ಲಿ, ಬಂಡೀಪುರದ ರಸ್ತೆಗೆ 2009ರಲ್ಲಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಮುಚ್ಚುತ್ತದೆ. ಇದು ವನ್ಯಪ್ರಾಣಿಗಳಿಗಾಗಿ ಮಾಡಿದ ವ್ಯವಸ್ಥೆ. ಆದರೆ ಚಾಲಕರು ಈ ಒಂಬತ್ತು ಗಂಟೆಯನ್ನು ಶಾಪವೆಂದು ತಿಳಿಯಬೇಕಿಲ್ಲ. ಗೇಟು ಮುಚ್ಚುವ ಮೊದಲು ದಾಟಲೇಬೇಕೆಂದು ಓಡಿಸಿದರೆ ಅಪಾಯ. ಈಚೆಯೇ ನಿಲ್ಲಿಸಿ ಸೊಳ್ಳೆಪರದೆ ಕಟ್ಟಿ ಮಲಗಿದರೆ ಪ್ರಾಣಿಗೂ ಕ್ಷೇಮ, ಚಾಲಕನಿಗೂ ಕ್ಷೇಮ.

ಹೀಗೆ ಮಲಗಲು ಮಾಲೀಕರು ಬಿಡಬೇಕಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಗೊತ್ತುಪಡಿಸಿತ್ತು. ಐದು ಗಂಟೆಗೂ ಹೆಚ್ಚು ಕಾಲ ಬಿಡುವಿಲ್ಲದೆ ದುಡಿಸದೆ, ನಡುವೆ ಅರ್ಧ ಗಂಟೆ ವಿರಾಮ ಕೊಡಬೇಕೆಂದೂ ಹೇಳಿತ್ತು. ಆದರೆ ಅದು ಅನ್ವಯವಾಗುತ್ತಿದ್ದದ್ದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಒಂದೇ ಲಾರಿ ಇಟ್ಟುಕೊಂಡು ತಾನೇ ಓಡಿಸುವವನ ಗಡಿಯಾರವನ್ನು ನೋಡುವವರು ಯಾರೂ ಇರಲಿಲ್ಲ. ಅಂಥವರು ತಮ್ಮ ಮಿತಿಯನ್ನು ತಾವೇ ಹಾಕಿಕೊಳ್ಳಬೇಕು.

ಗೊರಕೆಯನ್ನು ಕಡೆಗಣಿಸಬೇಡಿ

ಸಾಕಷ್ಟು ಮಲಗಿದರೂ ಹಗಲು ತೂಕಡಿಸುವವರು ಕೆಲವರಿದ್ದಾರೆ. ಇವರು ಜೋರಾಗಿ ಗೊರಕೆ ಹೊಡೆಯುತ್ತಾರೆ. ನಡುವೆ ಉಸಿರು ನಿಂತು, ಉಸಿರುಕಟ್ಟಿದವರಂತೆ ಬೆಚ್ಚಿ ಮತ್ತೆ ಶುರುಮಾಡುತ್ತಾರೆ. ಗಂಟಲಿನ ದಾರಿ ನಿದ್ದೆಯಲ್ಲಿ ಕುಸಿದು ಮುಚ್ಚುವುದೇ ಇದಕ್ಕೆ ಕಾರಣ. ಕತ್ತು ದಪ್ಪಗಿರುವ, ತೂಕ ಹೆಚ್ಚಿರುವ ಗಂಡಸರಲ್ಲಿ ಇದು ಹೆಚ್ಚು. ಇದರಿಂದ ರಕ್ತದೊತ್ತಡವೂ ಏರುತ್ತದೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಆದರೆ ಮಲಗಿದವನಿಗೆ ತನ್ನ ಗೊರಕೆ ಕೇಳಿಸದು. ಮನೆಯವರೇ ಗಮನಿಸಿ ವೈದ್ಯರಿಗೆ ತಿಳಿಸಬೇಕು.

ನೀರು, ಕಾಲು, ಮಾತ್ರೆ

ನಿಲ್ಲಿಸಬೇಕಾಗುತ್ತದೆ ಎಂದು ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಓಡಿಸುವ ಚಾಲಕರು ಬಹಳ. ಇದು ಮೂತ್ರಪಿಂಡದ ಕಲ್ಲು, ಮೂತ್ರದ ಸೋಂಕು, ಮಲಬದ್ಧತೆ ಮತ್ತು ಮೂಲವ್ಯಾಧಿಗೆ ದಾರಿ. ಮೂತ್ರ ತಿಳಿ ಬಣ್ಣಕ್ಕೆ ಬರುವಷ್ಟು ನೀರು ಕುಡಿಯಬೇಕು.

ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಅಲುಗಾಡದೆ ಕುಳಿತರೆ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಆಸ್ಪತ್ರೆಗೆ ಹೋಗಿ.

ಸೊಂಟನೋವಿಗೆ ಅಂಗಡಿಯಿಂದ ಮಾತ್ರೆ ತಂದು ತಿಂಗಳುಗಟ್ಟಲೆ ಬರಿಹೊಟ್ಟೆಯಲ್ಲಿ ನುಂಗುವುದರಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ನೆಗಡಿಯ ಕೆಲವು ಮಾತ್ರೆಗಳು ನಿದ್ದೆ ತರಿಸುತ್ತವೆ. ಮಾತ್ರೆ ಕೊಳ್ಳುವಾಗ 'ನಾನು ಗಾಡಿ ಓಡಿಸುವವನು' ಎಂದು ಹೇಳುವುದನ್ನು ಮರೆಯಬೇಡಿ. ಇನ್ನು ಬೀಡಿ ಮತ್ತು ಜಗಿಯುವ ಹೊಗೆಸೊಪ್ಪು. ನಮ್ಮ ನೆಲದ ಬೆಳೆಯೆಂದ ಮಾತ್ರಕ್ಕೆ ಅದು ನಮ್ಮ ಬಾಯಿಗೆ ಹಿತವಾಗದು. ಬಾಯಲ್ಲಿ ಬಿಳಿ ಮಚ್ಚೆ, ಎರಡು ಮೂರು ವಾರಕ್ಕೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಇವನ್ನು ಕೂಡಲೇ ತೋರಿಸಿ.

ಯಾವಾಗ ತಡಮಾಡಬಾರದು?

ಸೊಂಟನೋವು ಬಂದವರಲ್ಲಿ ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ಶಸ್ತ್ರಕ್ರಿಯೆ ಇಲ್ಲದೆ ಗುಣವಾಗುತ್ತದೆ. ಹಿಂದೆ ವಾರಗಟ್ಟಲೆ ಹಲಗೆಯ ಮೇಲೆ ಮಲಗಿಸುತ್ತಿದ್ದರು. ಅದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚೆಂದು ಈಗ ತಿಳಿದಿದೆ. ಒಂದೆರಡು ದಿನ ವಿಶ್ರಾಂತಿ ಪಡೆದು, ಸಾಧ್ಯವಾದಷ್ಟು ಓಡಾಡುತ್ತಿರುವುದೇ ಸರಿ. ಉಳುಕು ತೆಗೆಸಲು ಬೆನ್ನು ತುಳಿಸುವುದು ಬೇಡ.

ಆದರೆ ಕೆಲವು ಲಕ್ಷಣಗಳು ಕಂಡರೆ ಒಂದು ದಿನವೂ ಕಾಯಬಾರದು. ಮೂತ್ರ ಬಾರದಿರುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಕೂರುವ ಜಾಗ ಮತ್ತು ಗುಪ್ತಾಂಗದ ಸುತ್ತ ಮರಗಟ್ಟುವುದು, ಪಾದ ಅಥವಾ ಕಾಲು ಸೋಲುವುದು. ಮೊದಲ ಮೂರು ಲಕ್ಷಣಗಳಿಗೆ ಕೆಲವೇ ಗಂಟೆಗಳೊಳಗೆ ಚಿಕಿತ್ಸೆ ಬೇಕಾಗಬಹುದು. ತಡವಾದರೆ ಕೊರತೆ ಶಾಶ್ವತವಾಗುತ್ತದೆ. ಸೊಂಟನೋವಿನ ಜೊತೆ ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದಾಗಲೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಅಥವಾ ಬೇರೆ ಕಾಯಿಲೆ ಇರಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದರೆ ಮೈಸೂರಿಗೆ ಹೋಗಬೇಕು.

ಪಾದದ ಬಲವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ಮುಂಗಾಲಿನ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಒಂದು ಕಾಲು ಸೋಲುತ್ತಿದ್ದರೆ ವೈದ್ಯರನ್ನು ಕಾಣಿ.

ಮನೆಯವರ ಪಾತ್ರ

ಹಗಲು ಮಲಗಿದ ಚಾಲಕನನ್ನು ಸೋಮಾರಿ ಎನ್ನಬೇಡಿ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಟಿ.ವಿ. ಸದ್ದು ತಗ್ಗಿಸಿ, ನೆಂಟರ ಮಾತುಕತೆಯನ್ನು ಸಂಜೆಗೆ ಇಟ್ಟುಕೊಳ್ಳಿ. 'ಬೇಗ ಬನ್ನಿ' ಎಂದು ಫೋನು ಮಾಡುವ ಬದಲು 'ಮಲಗಿ ಬನ್ನಿ' ಎನ್ನಿ. ಮಕ್ಕಳಿಗೂ ಇದನ್ನು ಹೇಳಿಕೊಡಿ.

ಮಾಲು ತರಿಸುವ ಮನೆಯವರಿಗೂ ಒಂದು ಮಾತು. ಸಿಲಿಂಡರು, ಸಿಮೆಂಟು, ಬೀರು ಯಾವುದೇ ಬರಲಿ, ಗಾಡಿ ಬರುವ ಮೊದಲೇ ಬಾಗಿಲಿನ ದಾರಿ ತೆರವು ಮಾಡಿ. ಮಹಡಿಗೆ ಹೊರಿಸುವುದಿದ್ದರೆ ಇನ್ನೊಬ್ಬರ ಸಹಾಯ ಗೊತ್ತುಮಾಡಿ. ಬಂದವರಿಗೆ ಒಂದು ಚೊಂಬು ನೀರು ಕೊಟ್ಟು, ಎರಡು ನಿಮಿಷ ನಿಲ್ಲಲು ಬಿಡಿ. ಆ ಎರಡು ನಿಮಿಷವೇ ಅವರ ಬೆನ್ನಿಗೆ ಔಷಧ.

ಕ್ಯಾಬಿನ್ನಿನ ಕಾವಿನ ವಿಷಯದಲ್ಲಿ ಸ್ವಲ್ಪ ಸುಧಾರಣೆ ಬಂದಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಸರಕು ವಾಹನಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಲೇಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಹಳೆಯ ಗಾಡಿಗಳವರು ನೀರು ಮತ್ತು ನೆರಳನ್ನೇ ನಂಬಬೇಕು.

ನಮ್ಮ ಹಿರಿಯ ಚಾಲಕರಿಗೆ ಪಾದವನ್ನು ಎತ್ತಿಹಿಡಿಯುವ ಪಟ್ಟಿ ಕೊಡಲಾಯಿತು. ವ್ಯಾಯಾಮವೂ ನಡೆದಿದೆ. ಕಾಲಿಗೆ ಸ್ವಲ್ಪ ಬಲ ಬಂದಿದೆ. ಪೂರ್ತಿ ಬರುವುದಿಲ್ಲ. ಚಪ್ಪಲಿ ಮೊದಲ ಸಲ ಕಳಚಿದ ವಾರವೇ ಬಂದಿದ್ದರೆ ಇನ್ನಷ್ಟು ಉಳಿಸಿಕೊಳ್ಳಬಹುದಿತ್ತು. ಜೊತೆಗೆ ಬಂದ ಮಗ ಈಗ ಸಣ್ಣ ಸರಕು ಗಾಡಿಯಲ್ಲಿ ಮನೆಮನೆಗೆ ಮಾಲು ಹಾಕುತ್ತಾನೆ. ಅಪ್ಪನನ್ನು ಪರೀಕ್ಷಿಸಿದ ಮೇಲೆ ಅವನನ್ನೂ ಹಿಮ್ಮಡಿಯ ಮೇಲೆ ನಡೆಸಿ ನೋಡಿದೆ. ಪಾದ ಗಟ್ಟಿಯಾಗಿತ್ತು. ಸೊಂಟನೋವು ಇದೆಯೇ ಎಂದು ಕೇಳಿದಾಗ ಅವನೂ ಅಪ್ಪನಂತೆಯೇ ನಕ್ಕು, "ಅದು ಇದ್ದದ್ದೇ" ಎಂದ.

ಇದ್ದದ್ದೇ ಎಂದು ಬಿಡುವ ನೋವು ಇದಲ್ಲ. ನಿಮ್ಮ ಮನೆಯ ಚಾಲಕರು ಹಾಗೆಂದರೆ ಈ ವಾರವೇ ಅವರನ್ನು ಹತ್ತು ಹೆಜ್ಜೆ ಹಿಮ್ಮಡಿಯ ಮೇಲೆ ನಡೆಸಿ ನೋಡಿ.